ವಿಶೇಷಣದ ಹಿಂದಿನ ಜನ

ಕಾಸರಗೋಡಿನ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಮನೆಯಲ್ಲಿ ತುಳುವನ್ನೂ ಪೇಟೆಯಲ್ಲಿ ಮಲಯಾಳವನ್ನೂ ನೆರೆಮನೆಯಲ್ಲಿ ಬ್ಯಾರಿ ಭಾಷೆಯನ್ನೂ ಕೇಳುತ್ತ ಬೆಳೆದ ನಾನು, ಉದ್ಯೋಗನಿಮಿತ್ತವಾಗಿ ಮೊದಲು ಕೊಚ್ಚಿಯಲ್ಲಿಯೂ ಅನಂತರ ತಿರುವನಂತಪುರದಲ್ಲಿಯೂ ದೀರ್ಘಕಾಲ ಇಂಗ್ಲಿಷನ್ನು ಬೋಧಿಸಿದೆನು; ಆ ಬೋಧನೆಯಲ್ಲಿ ವ್ಯಾಕರಣದ ಬೇರಾವ ಅಂಗವೂ ‘ಮಲ್ಟಿಕಲ್ಚರಲ್’ ಎಂಬ ಒಂದೇ ವಿಶೇಷಣದಷ್ಟು ನನ್ನನ್ನು ಚಿಂತೆಗೆ ಹಚ್ಚಲಿಲ್ಲ. ಕೆನಡಾ ದೇಶವು 1971ರಲ್ಲಿ ಬಹುಸಂಸ್ಕೃತಿಯನ್ನು ತನ್ನ ರಾಜನೀತಿಯೆಂದು ಸಾರಿದ ಮೇಲೆ ಲೋಕದ ಬಳಕೆಯಲ್ಲಿ ಬೇರುಬಿಟ್ಟ ಈ ಪದವು, ನನ್ನ ವಿದ್ಯಾರ್ಥಿಗಳ ಬರೆಹದಲ್ಲಿ ಹಿಂದಿನ ‘ಕಾಸ್ಮೊಪಾಲಿಟನ್’ ಎಂಬುದರ ಸ್ಥಾನವನ್ನು ಕ್ರಮೇಣ ತನ್ನದಾಗಿಸಿಕೊಂಡಿತು. ‘ಕೊಚ್ಚಿ ಈಸ್ ಎ ಮಲ್ಟಿಕಲ್ಚರಲ್ ಸಿಟಿ’ ಎಂಬ ವಾಕ್ಯವಿಲ್ಲದ ಪ್ರಬಂಧವೇ ಅಪರೂಪವೆನಿಸಿತು.

ವಾಕ್ಯವು ವ್ಯಾಕರಣಶುದ್ಧವಾದುದೇ. ನಗರ, ಓಣಿ, ಶಾಲೆ, ಸಮಾಜ, ಕೆಲಸದ ತಂಡ ಮೊದಲಾದ ಸಮೂಹಗಳಿಗೆ ಈ ವಿಶೇಷಣ ಹೊಂದುತ್ತದೆ. ಒಬ್ಬನೇ ವ್ಯಕ್ತಿಗೆ ಹಚ್ಚಿದರೆ ಅಷ್ಟು ಸಹಜವಾಗಿ ಕೇಳಿಸದು, ಅವನು ಹಲವು ಭಾಷೆ ಬಲ್ಲವನಾದರೆ ‘ಮಲ್ಟಿಲಿಂಗ್ವಲ್’ ಎನ್ನಬೇಕು. ಇಷ್ಟನ್ನು ಒಂದು ಪಾಠದಲ್ಲಿ ಹೇಳಿ ಮುಗಿಸಬಹುದು. ಮುಗಿಸಲಾಗದ ಸಂಗತಿ ಬೇರೆ: ಈ ಪದವು ಸ್ವಭಾವತಃ ಒಂದು ತೀರ್ಪು, ಸಾಕ್ಷಿಗಳ ಹೇಳಿಕೆಯಾಗುವ ಮೊದಲೇ ಅದನ್ನು ಓದಿಬಿಟ್ಟರೆ ಕೇಳುವವನಿಗೆ ಏನೂ ತಿಳಿದಂತಾಗುವುದಿಲ್ಲ.

ಆದುದರಿಂದ ಕೊಚ್ಚಿಯ ಮಟ್ಟಾಂಚೇರಿಯ ಕಡೆಯಿಂದ ಬರುತ್ತಿದ್ದ ಮಕ್ಕಳಿಗೆ, ವಿಶೇಷಣವನ್ನು ಬರೆಯುವ ಮುನ್ನ ತಮ್ಮ ಬೀದಿಯಲ್ಲಿ ಯಾರು ಯಾರೊಡನೆ ಯಾವ ಭಾಷೆಯಲ್ಲಿ ಏನು ಮಾಡುತ್ತಾರೆಂಬುದನ್ನು ಕ್ರಿಯಾಪದಗಳಿಂದಲೇ ಹೇಳಬೇಕೆಂದು ವಿಧಿಸಿದೆನು. ಅಲ್ಲಿನ ಚೆರಳಾಯಿಯ ಒಬ್ಬ ಹುಡುಗಿ, ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಉಪದ್ರವಕ್ಕೆ ಗೋವೆಯನ್ನು ಬಿಟ್ಟು ಬಂದ ಗೌಡ ಸಾರಸ್ವತರ ಕುಲದವಳು, ಹೀಗೆ ಬರೆದು ತಂದಳು: ಅಜ್ಜಿ ದೇವರೊಡನೆ ಕೊಂಕಣಿಯಲ್ಲಿ ಮಾತಾಡುತ್ತಾಳೆ, ಗುಜರಾತಿ ಬೀದಿಯ ಅಂಗಡಿಯವನೊಡನೆ ಮಲಯಾಳದಲ್ಲಿ ಚೌಕಾಸಿ ಮಾಡುತ್ತಾಳೆ, ಫೋರ್ಟ್ ಕೊಚ್ಚಿಯ ಧೋಬಿಖಾನೆಯ ತಮಿಳರು ಒಗೆದ ಸೀರೆಯನ್ನು ಉಟ್ಟು ತಿರುಮಲ ದೇವಸ್ಥಾನಕ್ಕೆ ಹೋಗುತ್ತಾಳೆ. ಇದಾದ ಮೇಲೆ ನಾಲ್ಕನೆಯ ವಾಕ್ಯದಲ್ಲಿ ಬಂದ ಆ ವಿಶೇಷಣವು ತನ್ನ ಭಾರವನ್ನು ತಾನೇ ಹೊತ್ತು ನಿಂತಿತ್ತು. ವಾನ್ ರೀಡೆ ಎಂಬ ಡಚ್ ಅಧಿಕಾರಿ ಕೊಚ್ಚಿಯಲ್ಲಿದ್ದು ಸಿದ್ಧಗೊಳಿಸಿದ, 1678ರಿಂದ 1693ರವರೆಗೆ ಆಂಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಹೊರಬಂದ ಸಸ್ಯಗ್ರಂಥ ‘ಹೋರ್ಟಸ್ ಮಲಬಾರಿಕಸ್’ ಕುರಿತು ನಾನು ಅವರಿಗೆ ಹೇಳಿದುದೂ ಆಗಲೇ. ಈಳವ ವೈದ್ಯನಾದ ಇಟ್ಟಿ ಅಚ್ಯುತನು ತನ್ನ ಮನೆತನದ ಔಷಧಜ್ಞಾನವನ್ನು ಮಲಯಾಳದಲ್ಲಿ ಹೇಳಿದುದನ್ನೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರೆಂಬ ಮೂವರು ಕೊಂಕಣಿಗರು ತಮ್ಮ ಪ್ರಮಾಣಪತ್ರವನ್ನು ನಾಗರೀ ಲಿಪಿಯಲ್ಲಿ ಬರೆದುಕೊಟ್ಟುದನ್ನೂ, ಕಡೆಗೆ ಎಲ್ಲವೂ ಲ್ಯಾಟಿನಿನಲ್ಲಿ ಮುದ್ರಿತವಾದುದನ್ನೂ ವಿವರಿಸಿದ ಬಳಿಕ, ವಿಶೇಷಣದ ಅಗತ್ಯವೇ ಯಾರಿಗೂ ತೋರಲಿಲ್ಲ.

ಇಂಗ್ಲಿಷಿನ ಇನ್ನೊಂದು ನಿರ್ಬಂಧವು ಕನ್ನಡ ಮಾಧ್ಯಮದಿಂದ ಬಂದ ನನಗೆ ಬಹುಕಾಲ ಉಪಕಾರ ಮಾಡಿದೆ. ‘ಕೊಚ್ಚಿ ಬಹುಸಂಸ್ಕೃತಿಯ ನಗರ’ ಎಂದು ನಾವು ಕ್ರಿಯಾಪದವಿಲ್ಲದೆಯೇ ಹೇಳಿ ಮುಗಿಸುತ್ತೇವೆ, ಮಲಯಾಳಿಗಳಾದರೂ ‘ಆಣ್’ ಎಂಬುದನ್ನು ಯೋಚಿಸದೆಯೇ ಸೇರಿಸಿಬಿಡುತ್ತಾರೆ. ಇಂಗ್ಲಿಷೋ ‘ಈಸ್’ ಎನ್ನುವೆಯೋ ‘ವಾಸ್’ ಎನ್ನುವೆಯೋ ಎಂದು ಪಟ್ಟುಹಿಡಿದು ಕೇಳುತ್ತದೆ. 1568ರಲ್ಲಿ ಯಹೂದ್ಯರು ಮಟ್ಟಾಂಚೇರಿಯಲ್ಲಿ ಕಟ್ಟಿದ ಪರದೇಶಿ ಸಿನಗಾಗಿನ ಎದುರು ನಿಂತವನಿಗೆ ಈ ಪ್ರಶ್ನೆ ಸುಲಭದ್ದಲ್ಲ. ಯಹೂದ್ಯರಲ್ಲಿ ಬಹುಪಾಲು ಇಸ್ರೇಲ್ ರಾಷ್ಟ್ರದ ಸ್ಥಾಪನೆಯ ಅನಂತರದ ವರ್ಷಗಳಲ್ಲಿ ಹೊರಟುಹೋದರು. ಬೀದಿಗೆ ಅವರ ಹೆಸರು ಉಳಿದಿದೆ, ಅಂಗಡಿಗಳಲ್ಲಿ ಕುಳಿತವರು ಬೇರೆಯವರು. ಯಹೂದ್ಯರು ತುಂಬಿದ್ದ ಕಾಲದಲ್ಲಿಯಾದರೂ ಆ ವಿಶೇಷಣವು ಸಂಪೂರ್ಣ ಸತ್ಯವಾಗಿತ್ತೆ ಎಂದರೆ, ಬಿಡುಗಡೆ ಹೊಂದಿದ ದಾಸರ ಸಂತತಿಯೆಂಬ ಕಾರಣದಿಂದ ಆ ಪ್ರಾರ್ಥನಾಮಂದಿರದಲ್ಲಿ ಸಮಾನಸ್ಥಾನವಿಲ್ಲದ ಜನ ಅದೇ ಓಣಿಯಲ್ಲಿ ಇದ್ದರು. ಅವರಲ್ಲೊಬ್ಬನಾಗಿ ಹುಟ್ಟಿ ವಕೀಲನಾದ ಅಬ್ರಹಾಂ ಬರಾಕ್ ಸಾಲೆಂ ಗಾಂಧೀಜಿಯ ಸತ್ಯಾಗ್ರಹಮಾರ್ಗವನ್ನೇ ಹಿಡಿದು ಆ ತಾರತಮ್ಯದೊಡನೆ ಹೋರಾಡಬೇಕಾಯಿತು. ಪ್ರವಾಸಿಗಳ ಕೈಗೆ ಕೊಡುವ ಹಾಳೆಗಳು ನೀಲಿ ಬಣ್ಣದ ಚೀನೀ ನೆಲಹಾಸಿನ ಬಿಲ್ಲೆಗಳನ್ನು ಎಷ್ಟು ಪ್ರೀತಿಯಿಂದ ವರ್ಣಿಸುತ್ತವೆಯೋ ಅಷ್ಟೇ ಪ್ರೀತಿಯಿಂದ ಈ ಮನುಷ್ಯನನ್ನೂ ವರ್ಣಿಸಬೇಕೆಂಬುದು ನನ್ನ ಹಂಬಲ.

ತಿರುವನಂತಪುರಕ್ಕೆ ಹೋದಾಗ ಅದು ನನಗೆ ಪರಸ್ಥಳವೆನಿಸಲಿಲ್ಲ. ಪದ್ಮನಾಭಸ್ವಾಮಿಯನ್ನು ಪೂಜಿಸುವ ನಂಬಿಗಳು ನಮ್ಮ ಚಂದ್ರಗಿರಿ ಹೊಳೆಯ ಆಚೆಯ ಮತ್ತು ಈಚೆಯ ಮನೆತನಗಳಿಂದ ಬಂದವರು, ಸ್ವಾತಿತಿರುನಾಳ್ ಮಹಾರಾಜನು ಕನ್ನಡದಲ್ಲಿಯೂ ಕೃತಿಗಳನ್ನು ರಚಿಸಿದವನು. ಅಲ್ಲಿನ ಪಾಳಯವೆಂಬ ಬಡಾವಣೆಯಲ್ಲಿ ಮಸೀದಿ, ಇಗರ್ಜಿ, ಗಣಪತಿಯ ಗುಡಿಗಳು ಪರಸ್ಪರ ಕೂಗಳತೆಯಲ್ಲಿ ನಿಂತಿರುವುದನ್ನು ನೋಡಿದವರು ಆ ವಿಶೇಷಣವನ್ನು ತಡೆದುಕೊಳ್ಳಲಾರರು. ಆದರೆ ಅಂದಿನ ತಿರುವಾಂಕೂರು ರಾಜ್ಯದ ದೇವಾಲಯಗಳ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆದುದು 1936ರ ನವೆಂಬರ್ 12ರ ಘೋಷಣೆಯಿಂದ. ಅದಕ್ಕೆ ಹಿಂದಿನ ಕಾಲವನ್ನು ಕುರಿತು ಬರೆಯುವಾಗ, ಒಳಗೆ ಇದ್ದವರ ಜತೆಗೆ ಹೊರಗೆ ನಿಂತವರೂ ವಾಕ್ಯದಲ್ಲಿ ಬರಬೇಕೆಂದು ನಾನು ಪ್ರತಿ ತರಗತಿಯಲ್ಲಿಯೂ ಒತ್ತಿ ಹೇಳುತ್ತಿದ್ದೆನು.

ಅಲ್ಲಿ ನನ್ನ ಬಳಿಗೆ ಹೆಚ್ಚಾಗಿ ಬರುತ್ತಿದ್ದವರು ವಿದೇಶಕ್ಕೆ ಹೊರಟ ದಾದಿಯರು. ಅವರ ಅರ್ಜಿಗಳಲ್ಲೆಲ್ಲ ‘ಐ ಕ್ಯಾನ್ ವರ್ಕ್ ಇನ್ ಎ ಮಲ್ಟಿಕಲ್ಚರಲ್ ಎನ್ವಿರಾನ್‌ಮೆಂಟ್’ ಎಂಬ ವಾಕ್ಯ ತಪ್ಪದೆ ಇರುತ್ತಿತ್ತು. ಸಂದರ್ಶಕರು ಅದನ್ನು ಓದಿ ಓದಿ ಬೇಸತ್ತಿರಬೇಕು. ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ದುಡಿದಿದ್ದ ಒಬ್ಬಾಕೆಯನ್ನು ‘ಅಲ್ಲಿ ಏನು ಮಾಡಿದಿರಿ, ಮೋಳೆ?’ ಎಂದು ಕೇಳಿದೆನು. ಸ್ವಲ್ಪ ಹೊತ್ತು ಯೋಚಿಸಿ ಆಕೆ ಹೇಳಿದಳು: ರಂಜಾನ್ ತಿಂಗಳಲ್ಲಿ ಉಪವಾಸವಿದ್ದ ಮಧುಮೇಹದ ರೋಗಿಗಳ ಔಷಧವೇಳೆಯನ್ನು ವೈದ್ಯರೊಡನೆ ಚರ್ಚಿಸಿ ಬದಲಿಸಿದುದನ್ನು, ಮರಾಠಿ ಮುದುಕಿಯೊಬ್ಬಳು ನೋವೆಂದು ಹೇಳುವ ಪದಗಳನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದುದನ್ನು, ಜೈನ ರೋಗಿಗೆ ಸೂರ್ಯಾಸ್ತಕ್ಕೆ ಮುನ್ನ ಊಟ ದೊರೆಯುವಂತೆ ನೋಡಿಕೊಂಡುದನ್ನು. ಅದನ್ನೇ ಬರೆಯಿರಿ ಎಂದೆನು. ಹೊಸ ಅರ್ಜಿಯಲ್ಲಿ ಆ ವಿಶೇಷಣ ಒಂದು ಕಡೆಯೂ ಇರಲಿಲ್ಲ, ಅದರ ಅರ್ಥವಾದರೋ ಪ್ರತಿ ಸಾಲಿನಲ್ಲಿಯೂ ಇತ್ತು.

ಈಚೆಗೆ ಕೊಚ್ಚಿಗೆ ಮರಳಿ ಕೆಲವು ಮಕ್ಕಳಿಗೆ ಪಾಠ ಹೇಳುತ್ತಿರುವಾಗ ಒಂದು ವಿಷಯ ನನ್ನನ್ನು ಬಾಧಿಸುತ್ತದೆ. ‘ಮಲ್ಟಿಕಲ್ಚರಲ್’ ಎಂದೊಡನೆ ಅವರು ಪೋರ್ಚುಗೀಸರು, ಡಚ್ಚರು, ಯಹೂದ್ಯರು ಎಂದು ಪಟ್ಟಿಮಾಡುತ್ತಾರೆ. ಪೆರುಂಬಾವೂರಿನ ಪ್ಲೈವುಡ್ ಕಾರ್ಖಾನೆಗಳಲ್ಲಿಯೂ ಕೊಚ್ಚಿಯ ಕಟ್ಟಡಗಳ ನೆತ್ತಿಯ ಮೇಲೆಯೂ ದುಡಿಯುವ ಬಂಗಾಳ, ಅಸ್ಸಾಂ, ಒಡಿಶಾಗಳ ಜನ, ಊರೆಲ್ಲ ‘ಭಾಯಿ’ ಎಂದು ಕರೆಯುವವರು, ಆ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಅವರಿಗೆ ಮಲಯಾಳ ಕಲಿಸಲು ರಾಜ್ಯದ ಸಾಕ್ಷರತಾ ಮಿಷನ್ 2017ರಲ್ಲಿ ಪೆರುಂಬಾವೂರಿನಲ್ಲಿಯೇ ‘ಚಂಗಾತಿ’ ಎಂಬ ಯೋಜನೆಯನ್ನು ಆರಂಭಿಸಿತು. ಅದರ ಪಠ್ಯಪುಸ್ತಕದ ಹೆಸರು ‘ಹಮಾರಿ ಮಲಯಾಳಂ’. ಈ ಪುಸ್ತಕದ ವಿಷಯ ತಿಳಿಸಿ, ನಿಮ್ಮ ಮನೆಯ ಗೋಡೆಯನ್ನು ಕಟ್ಟಿದವರು ಯಾರೆಂದು ಒಬ್ಬ ಹುಡುಗಿಯನ್ನು ಕೇಳಿದೆನು. ಆಕೆ ವಿಚಾರಿಸಿಕೊಂಡು ಬಂದು ಬರೆದ ವಾಕ್ಯಗಳಲ್ಲಿ ಮುರ್ಷಿದಾಬಾದಿನ ಒಬ್ಬ ಗಾರೆಯವನಿದ್ದನು, ಅವನ ಮಗಳು ಸರಕಾರಿ ಶಾಲೆಯ ಮಲಯಾಳ ತರಗತಿಯಲ್ಲಿ ಓದುತ್ತಿದ್ದಳು. ಕೊನೆಯ ವಾಕ್ಯದಲ್ಲಿ ಹುಡುಗಿ ‘ಈಸ್’ ಎಂಬುದನ್ನು ಹೊಡೆದುಹಾಕಿ ‘ಈಸ್ ಬಿಕಮಿಂಗ್’ ಎಂದು ತಿದ್ದಿದ್ದಳು. ಗಾರೆಯವನ ಮಗಳಿಗೆ ತರಗತಿಯಲ್ಲಿ ಗೆಳತಿಯರು ಇದ್ದಾರೆಯೆ ಎಂದು ಕೇಳಿದೆನು. ಅದನ್ನು ಕೇಳಿಕೊಂಡು ಬಂದು ಮುಂದಿನ ವಾಕ್ಯ ಬರೆಯುವೆನೆಂದು ಆಕೆ ಒಪ್ಪಿ ಹೋಗಿದ್ದಾಳೆ.