ಕೊರಳಪಟ್ಟಿಯ ಹೆಡ್‌ಫೋನು: ಆಯ್ಕೆಯ ಬಗೆ

ನಾಗಮಂಗಲದ ಕಡೆಯಿಂದ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬರುವ ನಮ್ಮ ವಿದ್ಯಾರ್ಥಿಯೊಬ್ಬನು ಒಮ್ಮೆ ನಮ್ಮ ಬಳಿಗೆ ಬಂದು, “ಸಾವಿರ ರೂಪಾಯಿಯೊಳಗೆ ಸಿಕ್ಕುವ ನೆಕ್‌ಬ್ಯಾಂಡುಗಳಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳಿಸುವುದು ಯಾವುದು?” ಎಂದು ಕೇಳಿದನು. ಎರಡು ವರ್ಷದ ಹಿಂದೆ ಕೊಂಡ ಉಪಕರಣವು ಈಗ ಸೊರಗಿದೆಯೆಂಬುದು ಅವನ ದೂರು. ಅದರ ಜಾಲರಿಯಲ್ಲಿ ಗುಗ್ಗೆ ಕಟ್ಟಿರಬಹುದೆಂದು ಮೊದಲು ಅದನ್ನು ಶುಚಿಮಾಡಿದೆವು. ವ್ಯತ್ಯಾಸ ಕಾಣಲಿಲ್ಲ. ಬಳಿಕ ಅವನು ಕೇಳುತ್ತಿದ್ದ ಮಟ್ಟದಲ್ಲಿಯೇ ಅದೇ ಹಾಡನ್ನು ಅವನ ಸಹಪಾಠಿಗೆ ಕೇಳಿಸಿದೆವು. ಆತನು ಕ್ಷಣಮಾತ್ರದಲ್ಲಿ ಅದನ್ನು ಕಿವಿಯಿಂದ ಕಿತ್ತು, “ಇಷ್ಟು ಗಟ್ಟಿಯೇ!” ಎಂದನು. ಉಪಕರಣವು ಸೊರಗಿರಲಿಲ್ಲ. ಹಾಗಾದರೆ ಸೊರಗಿದುದು ಯಾವುದು? ವಾಚಕರು ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ಕೋರುತ್ತೇವೆ.

ತಂತಿಯಿಲ್ಲದ ಈ ಹೆಡ್‌ಫೋನು ವಾಸ್ತವವಾಗಿ ಒಂದು ಪುಟ್ಟ ರೇಡಿಯೋ ಗ್ರಾಹಕ. ಫೋನು ಹಾಡನ್ನು ಅಂಕೆಗಳ ಸರಣಿಯನ್ನಾಗಿ ಮಾರ್ಪಡಿಸಿ, ಅದನ್ನು ಅಡಕಗೊಳಿಸಿ, ರೇಡಿಯೋ ತರಂಗಗಳ ಮೂಲಕ ಕಳುಹಿಸುತ್ತದೆ. ಕೊರಳಪಟ್ಟಿಯಲ್ಲಿರುವ ಗ್ರಾಹಕವು ಅಂಕೆಗಳನ್ನು ಮರಳಿ ವಿದ್ಯುತ್ಪ್ರವಾಹವನ್ನಾಗಿ ಮಾಡಿ, ಕಿವಿಯಲ್ಲಿನ ಪೊರೆಯನ್ನು ಕಂಪಿಸುವಂತೆ ಮಾಡುತ್ತದೆ. ಈ ಏರ್ಪಾಡಿನ ಹೆಸರೇ ಬ್ಲೂಟೂತ್. ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆಯೊಬ್ಬನ ಅಡ್ಡಹೆಸರು ಅದಕ್ಕೆ ಬಂದಿದೆ. ಅದರ ಮೊದಲ ನಿಯಮಾವಳಿ ಪ್ರಕಟವಾದುದು 1999ರಲ್ಲಿ. ತರಂಗಗಳ ಆವೃತ್ತಿ 2,400 ಮೆಗಾಹರ್ಟ್ಸಿಗೆ ತುಸು ಮೇಲೆ. ತರಂಗಾಂತರ ಸುಮಾರು 12 ಸೆಂಟಿಮೀಟರ್, ಎಂದರೆ ಒಂದು ಗೇಣಿಗಿಂತ ಕಡಮೆ. ಪ್ರೇಷಕದ ಶಕ್ತಿ ಸಾಮಾನ್ಯವಾಗಿ ಒಂದು ವಾಟಿನ ಸಾವಿರದಲ್ಲಿ ಕೆಲವೇ ಭಾಗ. ಆದುದರಿಂದ ಅದರ ವ್ಯಾಪ್ತಿ ಹತ್ತು ಮೀಟರುಗಳ ಆಸುಪಾಸು.

ಈ ತರಂಗಗಳ ಸ್ವಭಾವವನ್ನು ಪರೀಕ್ಷಿಸಲು ನಾವು ಒಂದು ಭಾನುವಾರ ಕೆಲವು ವಿದ್ಯಾರ್ಥಿಗಳೊಡನೆ ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟವನ್ನೇರಿದೆವು. ಶ್ರೀನಿವಾಸ ದೇವಾಲಯದ ಗೋಡೆಗಳಿಂದ ದೂರವಾಗಿ ಬಯಲಿನಲ್ಲಿ ನಿಂತು, ಫೋನನ್ನು ಷರಾಯಿಯ ಹಿಂದಿನ ಜೇಬಿನಲ್ಲಿಟ್ಟು ಹಾಡು ಕೇಳಿದೆವು. ತರಗತಿಯ ಕೋಣೆಯಲ್ಲಿ ಒಮ್ಮೆಯೂ ತಡೆಯದಿದ್ದ ಹಾಡು ಇಲ್ಲಿ ಆಗಾಗ ತುಂಡಾಯಿತು. ಕಾರಣವು ಸರಳ. ನಮ್ಮ ದೇಹದ ಬಹುಭಾಗ ನೀರು. ನೀರು ಈ ತರಂಗಗಳನ್ನು ಹೀರಿಕೊಳ್ಳುತ್ತದೆ. ಕೋಣೆಯಲ್ಲಾದರೆ ಗೋಡೆ, ಚಾವಣಿಗಳಿಂದ ಪ್ರತಿಫಲಿಸಿದ ತರಂಗಗಳು ದೇಹವನ್ನು ಬಳಸಿಕೊಂಡು ಗ್ರಾಹಕವನ್ನು ತಲಪುತ್ತವೆ. ತೆರೆದ ಆಕಾಶವು ಏನನ್ನೂ ಪ್ರತಿಫಲಿಸುವುದಿಲ್ಲ. ಫೋನನ್ನು ಎದೆಯ ಜೇಬಿಗೆ ಬದಲಾಯಿಸಿದೊಡನೆ ತೊಡಕು ನಿವಾರಣೆಯಾಯಿತು. ಹೀಗಾಗಿ ಅಂಗಡಿಯೊಳಗಿನ ಪರೀಕ್ಷೆಯನ್ನು ನೆಚ್ಚದೆ ಬೀದಿಗೆ ಬಂದು ಪರೀಕ್ಷಿಸಬೇಕು. ಫೋನಿನ ಸ್ಥಳವನ್ನು ಬದಲಿಸಿ ನೋಡುವ ಮುನ್ನ ಉಪಕರಣವನ್ನು ದೂರಬಾರದು.

ಮೆಟ್ಟಿಲುಗಳನ್ನು ಇಳಿಯುವಾಗ ಇನ್ನೊಂದು ಪಾಠವೂ ದೊರೆಯಿತು. ಕೆಳಗೆ ಲೋಕಪಾವನಿಯ ಬಳಿ ಒಬ್ಬರು ಬಟ್ಟೆ ಒಗೆಯುತ್ತಿದ್ದರು. ಬಟ್ಟೆ ಕಲ್ಲಿಗೆ ಬಡಿದುದು ಮೊದಲು ಕಾಣಿಸಿತು, ಸದ್ದು ಆಮೇಲೆ ಕೇಳಿಸಿತು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದಷ್ಟೆ. ಬ್ಲೂಟೂತಿನಲ್ಲಿಯೂ ಇಂಥ ವಿಳಂಬವುಂಟು. ಹಾಡನ್ನು ಅಡಕಗೊಳಿಸಿ ಬಿಡಿಸುವುದಕ್ಕೆ ಅನೇಕ ವೇಳೆ ಸೆಕೆಂಡಿನ ಐದನೆಯ ಒಂದು ಭಾಗ ಹಿಡಿಯುತ್ತದೆ. ಇದು 68 ಮೀಟರ್ ದೂರದಲ್ಲಿ ನಿಂತು ಕೇಳಿದುದಕ್ಕೆ ಸಮ. ಹಾಡಿಗಾಗಲಿ ಪಾಠಕ್ಕಾಗಲಿ ಇದರಿಂದ ಬಾಧಕವಿಲ್ಲ. ಚಲನಚಿತ್ರ ತೋರಿಸುವ ಅನೇಕ ತಂತ್ರಾಂಶಗಳು ಚಿತ್ರವನ್ನೂ ಅಷ್ಟೇ ತಡಮಾಡಿ ಸರಿದೂಗಿಸುತ್ತವೆ. ಫೋನಿನಲ್ಲಿ ಆಟವಾಡುವವರಿಗೆ ಮಾತ್ರ ಇದು ತೊಡಕು. ಆದಕಾರಣ ‘ಗೇಮ್ ಮೋಡ್’ ಎಂಬ ಸೌಕರ್ಯಕ್ಕೆ ಹೆಚ್ಚು ಹಣ ತೆರುವ ಅಗತ್ಯ ಎಲ್ಲರಿಗೂ ಇಲ್ಲ.

ಇನ್ನು ಡಬ್ಬಿಯ ಮೇಲಿನ ಬರಹಗಳನ್ನು ಪರಿಶೀಲಿಸೋಣ. ‘20 ರಿಂದ 20,000 ಹರ್ಟ್ಸ್’ ಎಂಬುದು ಬಹುತೇಕ ಎಲ್ಲ ಡಬ್ಬಿಗಳ ಮೇಲೂ ಇರುತ್ತದೆ. ಅದು ಮಾನವನ ಕಿವಿಯ ವ್ಯಾಪ್ತಿಯೇ ಹೊರತು ಉಪಕರಣದ ಗುಣಕ್ಕೆ ಸಾಕ್ಷಿಯಲ್ಲ. ಪೊರೆಯ ವ್ಯಾಸ 10 ಮಿಲಿಮೀಟರೋ 12 ಮಿಲಿಮೀಟರೋ ಎಂಬುದರಿಂದಲೂ ನಾದದ ಗುಣವನ್ನು ನಿರ್ಣಯಿಸಲಾಗದು. ‘ಇ.ಎನ್.ಸಿ.’ ಮತ್ತು ‘ಎ.ಎನ್.ಸಿ.’ ಎಂಬ ಅಕ್ಷರಗಳನ್ನು ಒಂದೇ ಎಂದು ತಿಳಿದು ಮೋಸಹೋಗುವವರು ಬಹಳ. ಮೊದಲನೆಯದು ನಾವು ಮಾತನಾಡುವಾಗ ಸುತ್ತಲಿನ ಗದ್ದಲವು ಆ ಬದಿಯವರಿಗೆ ಕೇಳದಂತೆ ಮಾಡುತ್ತದೆ. ಎರಡನೆಯದು ಗದ್ದಲಕ್ಕೆ ವಿರುದ್ಧವಾದ ತರಂಗವನ್ನು ಉತ್ಪಾದಿಸಿ ನಮ್ಮ ಕಿವಿಗೇ ಬಿಡುವು ನೀಡುತ್ತದೆ.

ಅರ್ಥವುಳ್ಳ ಅಂಕೆಗಳೂ ಇವೆ. ನೀರು, ಬೆವರುಗಳ ವಿಷಯದಲ್ಲಿ ‘ಐ.ಪಿ.ಎಕ್ಸ್. 4’ ಎಂದರೆ ಎಲ್ಲ ದಿಕ್ಕಿನಿಂದ ಸಿಡಿಯುವ ಹನಿಗಳನ್ನು ತಡೆಯಬಲ್ಲದು. 5 ಎಂದರೆ ಚಿಮ್ಮುವ ಧಾರೆಯನ್ನು ತಡೆಯಬಲ್ಲದು. ನಿತ್ಯದ ಬಳಕೆಗೆ ಇಷ್ಟು ಸಾಕು. ಬ್ಯಾಟರಿಯು ಕೊರಳಪಟ್ಟಿಯಲ್ಲಿ ಅಡಗಿರುವುದರಿಂದ, ಕಿವಿಯೊಳಗೇ ಕೂರುವ ಬಿಡಿ ಗುಂಡಿಗಳಿಗಿಂತ ಇದರಲ್ಲಿ ದೊಡ್ಡ ಕೋಶಕ್ಕೆ ಎಡೆಯುಂಟು. ದಿನಕ್ಕೆರಡು ಗಂಟೆ ಕೇಳುವವರಿಗೆ 30 ಗಂಟೆಯ ಬ್ಯಾಟರಿಯು ಎರಡು ವಾರ ಬರುತ್ತದೆ; 60 ಗಂಟೆಯದನ್ನು ಬಯಸಿ ಭಾರ ಹೊರಬೇಕಾಗಿಲ್ಲ. ಲಿಥಿಯಂ ಕೋಶವು ಬಿಸಿಲಿನ ತಾಪದಿಂದ ಬೇಗ ಮುಪ್ಪಾಗುತ್ತದೆ; ನಿಲ್ಲಿಸಿದ ವಾಹನದಲ್ಲಿ ಅದನ್ನು ಬಿಟ್ಟುಹೋಗಬಾರದು. ಭಾರತೀಯ ಮಾನಕ ಸಂಸ್ಥೆಯ ನೋಂದಣಿ ಚಿಹ್ನೆಯನ್ನೂ ‘ಆರ್’ ಎಂಬ ಅಕ್ಷರದಿಂದ ಮೊದಲಾಗುವ ಸಂಖ್ಯೆಯನ್ನೂ ನೋಡಿಯೇ ಕೊಳ್ಳಬೇಕು. ಆ ಸಂಖ್ಯೆಯು ಸಾಚಾ ಹೌದೇ ಎಂಬುದನ್ನು ಸಂಸ್ಥೆಯ ‘ಬಿ.ಐ.ಎಸ್. ಕೇರ್’ ಎಂಬ ಫೋನು ತಂತ್ರಾಂಶದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು.

ಇಷ್ಟೆಲ್ಲವನ್ನೂ ಮೀರಿದ ಮುಖ್ಯ ಭಾಗವೊಂದು ಡಬ್ಬಿಯ ಮೂಲೆಯಲ್ಲಿ ಪುಟ್ಟ ಚೀಲದೊಳಗೆ ಬಿದ್ದಿರುತ್ತದೆ. ಅದೇ ಸಿಲಿಕೋನಿನ ಕಿವಿಬಿರಡೆ. ಸಾಮಾನ್ಯವಾಗಿ ಮೂರು ಅಳತೆಯವನ್ನು ಕೊಡುತ್ತಾರೆ. ಹೆಚ್ಚಿನವರು ಮೊದಲೇ ತೊಡಿಸಿದ್ದನ್ನೇ ಬಳಸಿ ಉಳಿದವನ್ನು ಎಸೆಯುತ್ತಾರೆ. ಕಿವಿಯ ನಾಳವನ್ನು ಬಿರಡೆಯು ಪೂರ್ಣವಾಗಿ ಮುಚ್ಚಿದಾಗ ಪೊರೆಗೂ ಕಿವಿದಮಟೆಗೂ ನಡುವೆ ಅತ್ಯಲ್ಪ ಗಾಳಿ ಸೆರೆಯಾಗುತ್ತದೆ. ಆಗ ಪೊರೆಯ ಮೃದುವಾದ ಚಲನೆಯೂ ಆ ಗಾಳಿಯ ಒತ್ತಡವನ್ನು ಏರಿಳಿಸಬಲ್ಲದು. ಎಲ್ಲಾದರೂ ಸಂದು ಉಳಿದರೆ ಒತ್ತಡವು ಅಲ್ಲಿಂದ ಸೋರುತ್ತದೆ. ಮೃದಂಗದ ಎಡಗಡೆಯ ಗುಂಕಾರದಂತಹ ಕೆಳಸ್ವರಗಳೇ ಮೊದಲು ಮಾಯವಾಗುತ್ತವೆ. ಅಷ್ಟೇ ಅಲ್ಲದೆ ಆ ಸಂದಿನಿಂದ ಬಸ್ಸಿನ ಗದ್ದಲವೂ ಒಳಗೆ ನುಗ್ಗುತ್ತದೆ. ಕೇಳುವವನು ಧ್ವನಿಯನ್ನು ಏರಿಸುತ್ತಾನೆ. ನಮ್ಮ ವಿದ್ಯಾರ್ಥಿಯು ಮಾಡಿದುದೂ ಇದನ್ನೇ.

ಏರಿಸಿದ ಧ್ವನಿಯ ಬೆಲೆಯೇನೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಮಟ್ಟದ ಸದ್ದನ್ನು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಶಬ್ದದ ಶಕ್ತಿ ಇಮ್ಮಡಿಯಾಗುವುದರಿಂದ ಕಾಲಾವಕಾಶವು ಅರ್ಧಕ್ಕಿಳಿಯುತ್ತದೆ. 83 ಡೆಸಿಬೆಲ್ಲಿಗೆ 20 ಗಂಟೆ, 90 ಡೆಸಿಬೆಲ್ಲಿಗೆ ಕೇವಲ 4 ಗಂಟೆ, 100 ಡೆಸಿಬೆಲ್ಲಿಗೆ ವಾರವೆಲ್ಲ ಸೇರಿ ಸುಮಾರು 20 ನಿಮಿಷ! ದಿನಕ್ಕೆರಡು ಗಂಟೆ ಪಯಣಿಸುತ್ತ 90 ಡೆಸಿಬೆಲ್ಲಿನಲ್ಲಿ ಕೇಳುವವನು ವಾರದ ಪಾಲನ್ನು ಮಂಗಳವಾರವೇ ಮುಗಿಸಿರುತ್ತಾನೆ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು 15,000 ಮಾತ್ರ. ಸತ್ತ ಕೋಶವು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

ಆ ವಿದ್ಯಾರ್ಥಿಯನ್ನು ನಾವು ಕಿವಿಯ ವೈದ್ಯರಲ್ಲಿಗೆ ಕಳುಹಿಸಿದೆವು. 4,000 ಹರ್ಟ್ಸಿನ ಸುತ್ತಣ ಸ್ವರಗಳಿಗೆ ಅವನ ಎರಡು ಕಿವಿಗಳೂ ಮಂದವಾಗಿದ್ದುವು. ಜೋರಾದ ಸದ್ದು ಮೊದಲು ಕೆಡಿಸುವುದು ಸಾಮಾನ್ಯವಾಗಿ ಈ ಭಾಗವನ್ನೇ. ಮಾತಿನಲ್ಲಿ ಸಕಾರ, ತಕಾರಗಳಂತಹ ವ್ಯಂಜನಗಳ ಸ್ಪಷ್ಟತೆ ನಿಂತಿರುವುದೂ ಇಂಥ ಮೇಲಿನ ಸ್ವರಗಳ ಮೇಲೆ. ಕಳೆದುದನ್ನು ಮರಳಿಸಲಾಗದೆಂದೂ ಉಳಿದುದನ್ನು ಕಾಪಾಡಿಕೊಳ್ಳಬಹುದೆಂದೂ ವೈದ್ಯರು ತಿಳಿಸಿದರು.

ಅವನು ಹೊಸ ಉಪಕರಣವನ್ನು ಕೊಳ್ಳಲಿಲ್ಲ. ಹಳೆಯದರ ಡಬ್ಬಿಯನ್ನು ಹುಡುಕಿ, ದೊಡ್ಡ ಅಳತೆಯ ಬಿರಡೆಯನ್ನು ತೊಡಿಸಿದನು. ಧ್ವನಿಯನ್ನು ಗರಿಷ್ಠ ಮಟ್ಟದ ನೂರಕ್ಕೆ 60 ಭಾಗವನ್ನು ಮೀರದಂತೆ ಇಡುತ್ತಾನೆ. ಪಾಂಡವಪುರ ದಾಟಿದ ಮೇಲೆ ಕಿವಿಗೆ ಬಿಡುವು ಕೊಡುತ್ತಾನೆ. ಕಿವಿ ಮುಚ್ಚಿದಷ್ಟೂ ಹೊರಗಿನ ಎಚ್ಚರಿಕೆಯ ಸದ್ದುಗಳೂ ಕೇಳಿಸವಾದ್ದರಿಂದ, ಹೆದ್ದಾರಿಯನ್ನಾಗಲಿ ಶ್ರೀರಂಗಪಟ್ಟಣದ ರೈಲುಹಳಿಯನ್ನಾಗಲಿ ದಾಟುವಾಗ ಬಿರಡೆಗಳನ್ನು ತೆಗೆದು ಎದೆಯ ಮೇಲೆ ಇಳಿಬಿಡಬೇಕೆಂದು ನಾವು ಅವನಿಗೆ ಹೇಳಿದ್ದೇವೆ. ಕೊರಳಪಟ್ಟಿಯಲ್ಲಿ ಈ ಒಂದು ಅನುಕೂಲವುಂಟು: ತೆಗೆದರೂ ಕಳೆದುಹೋಗದು.

ಹೊಸದನ್ನು ಕೊಳ್ಳಲೇಬೇಕಾದ ವಾಚಕರು ಅಂಗಡಿಯಲ್ಲಿ ಮೊದಲು ಬಿರಡೆಯನ್ನು ಪರೀಕ್ಷಿಸಲಿ. ಅರ್ಧ ಮಟ್ಟದ ಧ್ವನಿಯಲ್ಲಿ ಕೆಳಸ್ವರಗಳು ತುಂಬಿ ಕೇಳಿಸಿ, ಅಂಗಡಿಯವನ ಮಾತು ಮಂದವಾದರೆ ಅದು ತಮ್ಮ ಕಿವಿಗೆ ತಕ್ಕುದೆಂದು ತಿಳಿಯಬಹುದು. ಉಳಿದ ಅಂಕೆಗಳನ್ನು ಆಮೇಲೆ ಓದಿದರಾಯಿತು.