ಗರ್ಭಕೊರಳಿನ ಕ್ಯಾನ್ಸರ್: ನೀರಿನ ಚಲನೆಯ ಅಳತೆ

ಬಯಾಪ್ಸಿಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಖಚಿತವಾದ ಮೇಲೂ ಎಂ.ಆರ್.ಐ. ಏಕೆ ಎಂದು ಮನೆಯವರು ಕೇಳುವುದು ಸಹಜ. ಬಯಾಪ್ಸಿ ರೋಗ ಯಾವುದೆಂದು ಹೇಳುತ್ತದೆ. ಅದು ಎಷ್ಟು ಹರಡಿದೆ ಎಂದು ತಿಳಿಯಲು ಚಿತ್ರ ಬೇಕು. ಶಸ್ತ್ರಚಿಕಿತ್ಸೆಯೋ ವಿಕಿರಣ ಚಿಕಿತ್ಸೆಯೋ ಎಂಬ ನಿರ್ಧಾರಕ್ಕೆ ಇದು ಮುಖ್ಯ ಆಧಾರ.

ಈ ಪರೀಕ್ಷೆಯ ಒಂದು ಭಾಗ 'ಡಿಫ್ಯೂಷನ್'. ನಮ್ಮ ಅಂಗಾಂಶಗಳಲ್ಲಿ ನೀರಿನ ಕಣಗಳು ಸದಾ ಚಲಿಸುತ್ತಿರುತ್ತವೆ. ಗಡ್ಡೆಯಲ್ಲಿ ಜೀವಕೋಶಗಳು ಒತ್ತೊತ್ತಾಗಿರುವುದರಿಂದ, ಜಾತ್ರೆಯ ನೂಕುನುಗ್ಗಲಿನಲ್ಲಿ ಸಿಕ್ಕವರಂತೆ, ನೀರಿಗೆ ಸರಿದಾಡಲು ಎಡೆಯಿರುವುದಿಲ್ಲ. ಈ ಚಲನೆಯ ಅಳತೆಗೆ ಎ.ಡಿ.ಸಿ. ಎನ್ನುತ್ತಾರೆ. ಗಡ್ಡೆಯಲ್ಲಿ ಇದು ಸಾಮಾನ್ಯವಾಗಿ ಕಡಿಮೆ. ಚಿಕಿತ್ಸೆಯಿಂದ ಜೀವಕೋಶಗಳು ಸತ್ತಂತೆ ಅಳತೆ ಏರುತ್ತದೆ. ಅನೇಕ ವೇಳೆ ಗಡ್ಡೆ ಕುಗ್ಗುವ ಮೊದಲೇ!

ಆದರೆ ಈ ಒಂದು ಅಂಕಿಯನ್ನೇ ನೋಡಿ ಹಿಗ್ಗುವುದಾಗಲೀ ಕುಗ್ಗುವುದಾಗಲೀ ಬೇಡ. ಯಂತ್ರದಿಂದ ಯಂತ್ರಕ್ಕೆ ಇದು ವ್ಯತ್ಯಾಸವಾಗಬಹುದು. ಉಳಿದ ಚಿತ್ರಗಳೊಂದಿಗೆ ವೈದ್ಯರೇ ಇದನ್ನು ಅರ್ಥೈಸಬೇಕು.

ಎಂ.ಆರ್.ಐ.ಯಲ್ಲಿ ಕ್ಷ-ಕಿರಣದ ಬಳಕೆಯಿಲ್ಲ. ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹದ ವಸ್ತುಗಳಿದ್ದರೆ ಮೊದಲೇ ತಿಳಿಸಿ.

ಮುಟ್ಟು ನಿಂತ ಮೇಲೆ ಅಥವಾ ಸಂಭೋಗದ ನಂತರ ರಕ್ತ ಕಂಡರೆ, ದುರ್ವಾಸನೆಯ ಬಿಳುಪು ಹೋಗುತ್ತಿದ್ದರೆ ಸಂಕೋಚಪಡದೆ ವೈದ್ಯರನ್ನು ಕಾಣಿ. ತೊಂದರೆಯಿಲ್ಲದಿದ್ದರೂ 30 ದಾಟಿದ ಮಹಿಳೆಯರು ಗರ್ಭಕೊರಳಿನ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು. ಬೇಗ ಪತ್ತೆಯಾದರೆ ಇದು ವಾಸಿಯಾಗುವ ಕಾಯಿಲೆ.