ತಾತನ ಬಲಗೈ ಮತ್ತು ಎರಡು ಮಿಲಿಆಂಪ್ ಕರೆಂಟ್

ಹೋದ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮ ತಾತನಿಗೆ ಸ್ಟ್ರೋಕ್ ಆಯಿತು. ಊರಲ್ಲಿ ಇದಕ್ಕೆ ಲಕ್ವ ಅಂತಾರೆ. ಜೀವ ಉಳಿಯಿತು, ನಡಿಗೆಯೂ ನಿಧಾನಕ್ಕೆ ವಾಪಸ್ ಬಂತು. ಬಲಗೈ ಮಾತ್ರ ಮಡಿಲಲ್ಲೇ ಉಳಿಯಿತು. ಮೊನ್ನೆ ಚಿಕ್ಕಪ್ಪ ಫೋನ್ ಮಾಡಿ, "ತಲೆಗೆ ಕರೆಂಟ್ ಕೊಟ್ರೆ ಕೈ ಸರಿಹೋಗುತ್ತಂತೆ, ವಿಡಿಯೋ ನೋಡ್ದೆ. ನೀನು ಇಸಿ ಓದ್ತಿದ್ದೀಯಲ್ಲ, ನಿಜಾನಾ ಮಗಾ?" ಅಂದ್ರು. ಹಾಸ್ಟೆಲ್‌ನಲ್ಲಿ ಇದನ್ನ ಹೇಳಿದ್ರೆ ರೂಮ್‌ಮೇಟ್, "ಒಂಬತ್ತು ವೋಲ್ಟ್ ಬ್ಯಾಟರಿ, ಒಂದು ರೆಗ್ಯುಲೇಟರ್, ಎರಡು ಸ್ಪಾಂಜ್. ನಾವೇ ಮಾಡ್ಬಿಡೋಣ ಕಣೋ" ಅಂದ. ನನಗೂ ಒಂದು ಕ್ಷಣ ಆಸೆಯಾಯಿತು. ಆಮೇಲೆ ಕೂತು ಓದಿದೆ. ತಿಳಿದದ್ದು ಇಷ್ಟು.

ಕೈ ಯಾಕೆ ಏಳಲ್ಲ?

ಬಲಗೈಗೆ ಆರ್ಡರ್ ಹೋಗುವುದು ಮೆದುಳಿನ ಎಡಭಾಗದಿಂದ. ಅಲ್ಲಿ ರಕ್ತ ನಿಂತರೆ ಅಥವಾ ರಕ್ತನಾಳ ಒಡೆದರೆ ಆ ಜಾಗದ ಜೀವಕೋಶಗಳು ಸಾಯುತ್ತವೆ. ಅಂದ್ರೆ ಮೋಟಾರ್ ಚೆನ್ನಾಗಿದೆ, ಕಂಟ್ರೋಲರ್ ಕೆಟ್ಟಿದೆ. ಸತ್ತ ಕೋಶಗಳು ಮತ್ತೆ ಬರಲ್ಲ. ಆದರೆ ಸುತ್ತ ಉಳಿದ ಕೋಶಗಳು ಹೊಸ ಸಂಪರ್ಕ ಮಾಡಿಕೊಂಡು ಆ ಕೆಲಸವನ್ನು ಸ್ವಲ್ಪ ಮಟ್ಟಿಗೆ ಕಲಿಯಬಲ್ಲವು. ಇದನ್ನೇ ನ್ಯೂರೋಪ್ಲಾಸ್ಟಿಸಿಟಿ ಅನ್ನೋದು.

ಕಲಿಯೋಕೆ ಅಭ್ಯಾಸ ಬೇಕು. ಕೈ ಆಡಲ್ಲ ಅಂತ ಎಡಗೈಯಲ್ಲೇ ಎಲ್ಲ ಮಾಡಿಕೊಂಡರೆ ಬಲಗೈಯನ್ನು ಬಳಸದಿರುವುದೇ ರೂಢಿಯಾಗಿಬಿಡುತ್ತೆ. ಅಮೆರಿಕದ ಎಡ್ವರ್ಡ್ ಟೌಬ್ ಇದಕ್ಕೊಂದು ದಾರಿ ಹುಡುಕಿದರು: ಚೆನ್ನಾಗಿರುವ ಕೈಗೆ ಗವಸು ಹಾಕಿ ಕಟ್ಟಿಹಾಕಿ, ಸೋತ ಕೈಯಿಂದಲೇ ದಿನವೂ ಗಂಟೆಗಟ್ಟಲೆ ಕೆಲಸ ಮಾಡಿಸುವುದು. 2006ರಲ್ಲಿ ಪ್ರಕಟವಾದ ಎಕ್ಸೈಟ್ ಅಧ್ಯಯನದಲ್ಲಿ 222 ಜನ ಇದ್ದರು. ಎರಡು ವಾರದ ಈ ಚಿಕಿತ್ಸೆಯ ಲಾಭ ಒಂದು ವರ್ಷದ ನಂತರವೂ ಉಳಿದಿತ್ತು. ಆದರೆ ಇದಕ್ಕೆ ಮಣಿಕಟ್ಟು, ಬೆರಳು ಸ್ವಲ್ಪವಾದರೂ ಆಡುತ್ತಿರಬೇಕು.

ಕರೆಂಟ್ ಎಲ್ಲಿ ಬರುತ್ತೆ?

ಮೊದಲನೆಯದು ಟಿಎಂಎಸ್. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಮಾಡಿ ತೋರಿಸಿದ್ದು. ತಲೆಯ ಮೇಲೆ ಕಾಯಿಲ್ ಇಟ್ಟು ಕೆಪಾಸಿಟರ್ ಡಿಸ್ಚಾರ್ಜ್ ಮಾಡಿದರೆ ಕಾಂತಕ್ಷೇತ್ರ ಒಮ್ಮೆಲೇ ಏರಿ ಇಳಿಯುತ್ತೆ, ತಲೆಬುರುಡೆ ದಾಟಿ ಮೆದುಳಲ್ಲಿ ಕರೆಂಟ್ ಹುಟ್ಟುತ್ತೆ, ಹೆಬ್ಬೆರಳು ತಾನೇ ಅದುರುತ್ತೆ. ಫಸ್ಟ್ ಇಯರ್‌ನಲ್ಲಿ ಬಾಯಿಪಾಠ ಮಾಡಿದ ಫ್ಯಾರಡೇ ನಿಯಮವೇ ಇದು!

ಎರಡನೆಯದು ಟಿಡಿಸಿಎಸ್, ನನ್ನ ರೂಮ್‌ಮೇಟ್‌ನ ಬ್ಯಾಟರಿ. ಉಪ್ಪುನೀರಲ್ಲಿ ನೆನೆಸಿದ ಸ್ಪಾಂಜ್ ಮೂಲಕ ಸಾಮಾನ್ಯವಾಗಿ 1ರಿಂದ 2 ಮಿಲಿಆಂಪ್, ಸುಮಾರು 20 ನಿಮಿಷ. ಇದು ನರಕೋಶವನ್ನು ತಾನಾಗಿ ಫೈರ್ ಮಾಡಿಸಲ್ಲ, ಫೈರ್ ಆಗೋದನ್ನ ಸ್ವಲ್ಪ ಸುಲಭ ಅಥವಾ ಕಷ್ಟ ಮಾಡುತ್ತೆ ಅಷ್ಟೆ. ಟ್ರಾನ್ಸಿಸ್ಟರ್‌ಗೆ ಕೊಡೋ ಬಯಾಸ್ ನೆನಪಿಸಿಕೊಳ್ಳಿ. ಬಯಾಸ್ ಕೊಟ್ಟು ಸಿಗ್ನಲ್ ಕೊಡದಿದ್ದರೆ ಔಟ್‌ಪುಟ್‌ನಲ್ಲಿ ಏನು ಬರುತ್ತೆ? ಇಲ್ಲಿ ಸಿಗ್ನಲ್ ಅಂದ್ರೆ ವ್ಯಾಯಾಮ.

ಫಲಿತಾಂಶ ಏನು?

ಇಲ್ಲಿ ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಡಬೇಕು. 2018ರಲ್ಲಿ ಪ್ರಕಟವಾದ ನಿಷ್ ಅಧ್ಯಯನದಲ್ಲಿ ಟಿಎಂಎಸ್ ಜೊತೆಗೆ ಥೆರಪಿ ಕೊಟ್ಟರು. ಅರ್ಥಪೂರ್ಣ ಸುಧಾರಣೆ ಕಂಡವರು 67%. ಸುಳ್ಳು ಕಾಯಿಲ್ ಇಟ್ಟು ಅದೇ ಥೆರಪಿ ಕೊಟ್ಟ ಗುಂಪಿನಲ್ಲಿ 65%. ಅಂದ್ರೆ ಕೆಲಸ ಮಾಡಿದ್ದು ಮುಖ್ಯವಾಗಿ ಥೆರಪಿ.

ಇನ್ನೊಂದು 2021ರದು, ಅಮೆರಿಕ ಮತ್ತು ಬ್ರಿಟನ್ನಿನ 108 ಜನರ ಮೇಲೆ. ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್ ತರದ ಸಾಧನ ಇಟ್ಟು, ಕುತ್ತಿಗೆಯ ವೇಗಸ್ ನರಕ್ಕೆ ತಂತಿ ಜೋಡಿಸಿದರು. ರೋಗಿ ಕೈ ಆಡಿಸಿದಾಗಲೇ ಥೆರಪಿಸ್ಟ್ ಬಟನ್ ಒತ್ತಬೇಕು, ಆಗ ಅರ್ಧ ಸೆಕೆಂಡ್ ಪಲ್ಸ್ ಹೋಗುತ್ತೆ. ಮೂರು ತಿಂಗಳ ನಂತರ ನೋಡಿದಾಗ ಗಮನಾರ್ಹ ಸುಧಾರಣೆ 47% ಜನರಲ್ಲಿ, ಬರೀ ಥೆರಪಿಯವರಲ್ಲಿ 24%. ಇವರೆಲ್ಲ ಸ್ಟ್ರೋಕ್ ಆಗಿ ಕನಿಷ್ಠ ಒಂಬತ್ತು ತಿಂಗಳು ಕಳೆದವರು. ಅದೇ ವರ್ಷ ಅಮೆರಿಕದ ಎಫ್‌ಡಿಎ ಈ ಸಾಧನಕ್ಕೆ ಒಪ್ಪಿಗೆ ಕೊಟ್ಟಿತು. ಎರಡೂ ಅಧ್ಯಯನಗಳಲ್ಲಿ ಒಂದು ಸಮಾನ: ವ್ಯಾಯಾಮ ಬಿಟ್ಟು ಬರೀ ಕರೆಂಟ್ ಯಾರಿಗೂ ಕೊಡಲಿಲ್ಲ.

ಬ್ಯಾಟರಿ ಪ್ಲಾನ್ ಕೈಬಿಟ್ಟೆವು. ಸ್ಪಾಂಜ್ ಒಣಗಿದರೆ ಚರ್ಮ ಸುಡುತ್ತೆ. ಪ್ಲಸ್, ಮೈನಸ್ ಅದಲುಬದಲಾದರೆ ಪರಿಣಾಮವೇ ಉಲ್ಟಾ ಆಗಬಹುದು. ಸ್ಟ್ರೋಕ್ ಆದವರಿಗೆ ಫಿಟ್ಸ್ ಬರುವ ಅಪಾಯ ಮೊದಲೇ ಇರುತ್ತೆ. ನಿಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಬಂದರೆ ದಯವಿಟ್ಟು ನರರೋಗ ತಜ್ಞರನ್ನೇ ಕೇಳಿ.

ಚಿಕ್ಕಪ್ಪನಿಗೆ ಹೇಳಿದೆ: "ಮಷೀನ್ ವಿಷಯ ಡಾಕ್ಟರ್ ಹತ್ರ ಕೇಳೋಣ. ಫಿಜಿಯೋ ಹೇಳಿಕೊಟ್ಟಿದ್ದನ್ನ ತಾತ ದಿನಾ ಮಾಡ್ತಿದ್ದಾರಾ?" ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಎರಡು ತಿಂಗಳಿಂದ ಬಿಟ್ಟುಬಿಟ್ಟಿದ್ದರಂತೆ, ಇನ್ನು ಆಗಲ್ಲ ಅಂತ.

ಈಗ ದಿನಾ ಸಂಜೆ ಏಳಕ್ಕೆ ವಿಡಿಯೋ ಕಾಲ್. ತಾತ ತಟ್ಟೆಯಿಂದ ಅವರೆಕಾಳು ಒಂದೊಂದೇ ತೆಗೆದು ಲೋಟಕ್ಕೆ ಹಾಕ್ತಾರೆ, ನಾನು ಎಣಿಸ್ತೀನಿ. ನಿನ್ನೆ ಹನ್ನೊಂದು ಆಯಿತು. ಹನ್ನೆರಡನೆಯದು ಕೆಳಗೆ ಬಿತ್ತು. "ನಾಳೆ ನೋಡೋಣ ಬಿಡೋ" ಅಂದ್ರು.